ಬಿಡಿ ಸಿಗರೇಟು ಮರೆಮಾಡುವ ಎಚ್ಚರಿಕೆ

ಬೆಂಗಳೂರಿನ ಮತ್ತಿಕೆರೆಯ ಮುಖ್ಯ ರಸ್ತೆಯಿಂದ ಗೋಕುಲ ಬಡಾವಣೆಯ ಕಾಲೇಜುಗಳತ್ತ ನಡೆದುಹೋಗುವವರು ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ದಾರಿಯ ಇಕ್ಕೆಲಗಳ ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಒಂದು ಕ್ಷಣ ನಿಂತರೆ, ಈ ನಗರದಲ್ಲಿ ತಂಬಾಕಿನ ವ್ಯಾಪಾರವು ನಿಜವಾಗಿ ಹೇಗೆ ನಡೆಯುತ್ತದೆಂಬುದು ಯಾವ ವರದಿಯ ಸಹಾಯವೂ ಇಲ್ಲದೆ ತಿಳಿದುಬರುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬನು ಬಂದು ಮಾತಾಡದೆ ಒಂದು ಬೆರಳೆತ್ತುತ್ತಾನೆ; ಅಂಗಡಿಯಾತನು ಗಲ್ಲಾಪೆಟ್ಟಿಗೆಯ ಮರೆಯಲ್ಲಿರುವ ಪೊಟ್ಟಣದೊಳಕ್ಕೆ ಕೈಯಿಟ್ಟು ಒಂದೇ ಒಂದು ಸಿಗರೇಟನ್ನು ಎಳೆದು ಕೊಡುತ್ತಾನೆ; ಕಂಬಕ್ಕೆ ದಾರದಿಂದ ಕಟ್ಟಿ ತೂಗಬಿಟ್ಟಿರುವ ಲೈಟರು ಕೈಯಿಂದ ಕೈಗೆ ಹೋಗುತ್ತದೆ; ಚಹ ಮುಗಿದೊಡನೆ ಅದೇ ಅಂಗಡಿಯ ಪುದೀನದ ಮಿಠಾಯಿಯೊಂದು ಬಾಯಿಗೆ ಬೀಳುತ್ತದೆ, ಹುಡುಗನು ತರಗತಿಗೆ ಹೊರಟುಹೋಗುತ್ತಾನೆ. ಈ ಇಡೀ ವ್ಯವಹಾರದಲ್ಲಿ ಅವನು ಸಿಗರೇಟಿನ ಪೊಟ್ಟಣವನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿರುವುದಿಲ್ಲ.

ಇದು ಅಲ್ಪಸಂಗತಿಯೆಂದು ಕೆಲವರಿಗೆ ತೋರಬಹುದು. ಆದರೆ ತಂಬಾಕಿನ ವಿಷಯದಲ್ಲಿ ನಮ್ಮ ದೇಶವು ಕಳೆದ ಎರಡು ದಶಕಗಳಲ್ಲಿ ಕಷ್ಟಪಟ್ಟು ಸಾಧಿಸಿದ್ದರ ಬಹುಭಾಗವು ಆ ಪೊಟ್ಟಣದ ಮೇಲೆಯೇ ಅಚ್ಚಾಗಿದೆಯೆಂಬುದನ್ನು ನೆನೆದರೆ ಇದರ ಗುರುತ್ವವು ಅರಿವಾಗುತ್ತದೆ. 2016ರ ಏಪ್ರಿಲ್ 1ರಿಂದ ಪೊಟ್ಟಣದ ಮುಖದ ನೂರಕ್ಕೆ 85 ಭಾಗವನ್ನು ರೋಗದ ಚಿತ್ರವೂ ಎಚ್ಚರಿಕೆಯ ಮಾತೂ ಆವರಿಸಬೇಕೆಂಬ ನಿಯಮವು ಜಾರಿಗೆ ಬಂದಿತು; ಅದನ್ನು 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ರದ್ದುಪಡಿಸಿದಾಗ, ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆಯನ್ನಿತ್ತು ಚಿತ್ರವನ್ನು ಉಳಿಸಿತು. 2018ರ ಸೆಪ್ಟೆಂಬರಿನಿಂದ ಆ ಚಿತ್ರದೊಡನೆ 1800 11 2356 ಎಂಬ ದೂರವಾಣಿ ಸಂಖ್ಯೆಯೂ ಸೇರಿಕೊಂಡಿತು; ಈ ಚಟದಿಂದ ಬಿಡುಗಡೆ ಬೇಕೆನ್ನುವವರು ಹಣ ತೆರದೆ ಕರೆಮಾಡಬಹುದಾದ ಸಂಖ್ಯೆಯದು. ಪೊಟ್ಟಣವನ್ನೇ ಕಾಣದೆ ಒಂದೊಂದಾಗಿ ಕೊಳ್ಳುವವನಿಗೆ ಈ ಚಿತ್ರವೂ ಇಲ್ಲ, ಈ ಸಂಖ್ಯೆಯೂ ಇಲ್ಲ. ಮೊದಲ ಬಾರಿಗೆ ಸೇದುವ ಎಳೆಯನೂ, ಬಿಡಬೇಕೆಂದು ಹಂಬಲಿಸುತ್ತ ಹಾಗೂ ಹೀಗೂ ದಿನಕ್ಕೆರಡಕ್ಕೆ ಇಳಿದಿರುವ ಸಂಸಾರಸ್ಥನೂ ಬಿಡಿಯಾಗಿಯೇ ಕೊಳ್ಳುತ್ತಾರೆ. ಎಂದರೆ, ಎಚ್ಚರಿಕೆಯೂ ನೆರವೂ ಯಾರಿಗೆ ಅತ್ಯಂತ ಆವಶ್ಯಕವೋ ಅವರಿಗೇ ಅವು ತಲುಪದಂತಹ ವ್ಯವಸ್ಥೆಯನ್ನು ನಾವು ನಮ್ಮ ಬೀದಿಗಳಲ್ಲಿ ನಡೆಯಗೊಟ್ಟಿದ್ದೇವೆ.

ಕಾಯಿದೆಯ ಕೊರತೆಯಿಂದ ಹೀಗಾಗಿದೆಯೆಂದು ಹೇಳುವಂತಿಲ್ಲ. ಕರ್ನಾಟಕ ಸರಕಾರವು 2017ರಲ್ಲಿಯೇ ಬಿಡಿ ಮಾರಾಟವನ್ನು ನಿಷೇಧಿಸಿತ್ತು. 2024ರಲ್ಲಿ ವಿಧಾನಮಂಡಲವು ಅಂಗೀಕರಿಸಿ, ರಾಷ್ಟ್ರಪತಿಗಳ ಅನುಮೋದನೆ ಪಡೆದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ತಿದ್ದುಪಡಿಯು, ತಂಬಾಕನ್ನು ಕೊಳ್ಳತಕ್ಕವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಹುಕ್ಕಾ ಕೇಂದ್ರಗಳನ್ನು ಮುಚ್ಚಿಸಿತು. ಬಿಡಿ ಮಾರಾಟದ ನಿಷೇಧವನ್ನು ಶಾಸನದೊಳಗೇ ಸೇರಿಸಿ, ದಂಡವನ್ನು ಸಾವಿರ ರೂಪಾಯಿಗೆ ಹೆಚ್ಚಿಸಿತು. ವಿದ್ಯಾಸಂಸ್ಥೆಗಳ ಸಮೀಪದಲ್ಲಿ ಮಾರಕೂಡದೆಂಬ ನಿಯಮವಂತೂ 2003ರ ಕೇಂದ್ರ ಕಾಯಿದೆಯಷ್ಟು ಹಳೆಯದು. ಇಷ್ಟೆಲ್ಲ ಇದ್ದೂ, ಕಾಲೇಜಿನ ಹೆಬ್ಬಾಗಿಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಆ ಲೈಟರು ತೂಗುತ್ತಲೇ ಇದೆ. ಅಂಗಡಿಯಾತನನ್ನು ಖಳನೆಂದು ನಾನು ಕರೆಯಲಾರೆ. ಹಾಸನದಿಂದಲೋ ಕುಂದಾಪುರದಿಂದಲೋ ಬಂದು ಹದಿನಾರು ಗಂಟೆ ನಿಂತು ದುಡಿಯುವ ಆತನಿಗೆ ಚಹದ ಜೊತೆಗೆ ಸಿಗರೇಟು ಹೋಗದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋದಾನೆಂಬ ಭಯವಿದೆ. ಒಬ್ಬನು ಮಾತ್ರ ನಿಲ್ಲಿಸಿದರೆ ನಷ್ಟ ಅವನೊಬ್ಬನದೇ. ನಿಯಮವನ್ನು ಇಡೀ ಬೀದಿಗೆ ಒಂದೇ ಸಮನಾಗಿ ನಡೆಸಿದರೆ ಮಾತ್ರ ಆ ಭಯವು ಹೋದೀತು. ಅದನ್ನು ನಡೆಸುವುದು ಪೋಲೀಸರ, ನಗರಾಡಳಿತದ ಕರ್ತವ್ಯ. ವರ್ಷಕ್ಕೊಮ್ಮೆ ಮೇ 31ರ ತಂಬಾಕುರಹಿತ ದಿನದಂದು ನಡೆಸುವ ದಾಳಿಯಿಂದ ಅದು ಸಾಗತಕ್ಕ ಕಾರ್ಯವಲ್ಲ.

ತಂಬಾಕಿನ ಈ ಎಲೆಯು ನಮ್ಮ ನಾಡಿನದಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದಿಂದ ಬಂದದ್ದು. ಮೊಗಲ್ ಚಕ್ರವರ್ತಿ ಅಕ್ಬರನ ರಾಯಭಾರಿಯಾದ ಅಸದ್ ಬೇಗನು 1604ರ ಸುಮಾರಿನಲ್ಲಿ ನಮ್ಮ ಬಿಜಾಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದವನು, ಅಲ್ಲಿ ತಂಬಾಕನ್ನು ಕಂಡು, ರತ್ನಖಚಿತವಾದ ನಳಿಕೆಯೊಡನೆ ಅದನ್ನು ಆಗ್ರಾಕ್ಕೆ ಕೊಂಡೊಯ್ದು ದೊರೆಗೆ ಅರ್ಪಿಸಿದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ಪರೀಕ್ಷೆಗೊಳಗಾಗದ ಪದಾರ್ಥವನ್ನು ಸೇವಿಸಬಾರದೆಂದು ಅರಮನೆಯ ವೈದ್ಯನು ತಡೆದನು. ಲೋಕದ ಪ್ರತಿಯೊಂದು ಪದ್ಧತಿಯೂ ಒಂದಾನೊಂದು ಕಾಲಕ್ಕೆ ಹೊಸದೇ ಆಗಿತ್ತೆಂದು ಅಸದ್ ಬೇಗನು ವಾದಿಸಿದನು. ಆ ವಾದದಲ್ಲಿ ಗೆದ್ದದ್ದು ವೈದ್ಯನಲ್ಲ. ಆಸ್ಥಾನದ ಶ್ರೀಮಂತರು ಒಬ್ಬೊಬ್ಬರಾಗಿ ಕೇಳತೊಡಗಿದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಹೊರಟಾಗ ಕಾಲವು ಮಿಂಚಿಹೋಗಿತ್ತು. ಹೊಸದೆಂದು ಹೆದರಬೇಕಾಗಿಲ್ಲವೆಂದು ನಂಬಿಸುವ ವಾದವು ನಾಲ್ಕು ಶತಮಾನಗಳ ಅನಂತರ ಈಗ ಮತ್ತೊಮ್ಮೆ, ವೇಪ್ ಎಂಬ ಉಪಕರಣದ ರೂಪದಲ್ಲಿ, ನಮ್ಮ ಹುಡುಗರ ಮುಂದೆ ಬಂದು ನಿಂತಿದೆ.

ಆ ಉಪಕರಣದ ಮಾತಿಗೆ ಮುನ್ನ ತಂಬಾಕು ಮಾಡುವ ಕೇಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಸಿಗರೇಟೆಂದರೆ ಶ್ವಾಸಕೋಶದ ಕ್ಯಾನ್ಸರು, ಅದು ಬಂದರೆ ಅರವತ್ತರ ಮೇಲೆ ಎಂಬ ತಪ್ಪು ಭಾವನೆಯು ತಿಳಿದವರಲ್ಲಿಯೂ ನೆಲೆಸಿದೆ. ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿರುವುದಾಗಿಯೂ ಅವುಗಳಲ್ಲಿ ಎಪ್ಪತ್ತರಷ್ಟಾದರೂ ಕ್ಯಾನ್ಸರುಕಾರಕವೆಂದೂ ವಿಜ್ಞಾನಿಗಳು ಎಣಿಸಿದ್ದಾರೆ. ಆದರೆ ಯೌವನದಲ್ಲಿ ಮೊದಲು ಪೆಟ್ಟು ಬೀಳುವುದು ಬಹುಮಟ್ಟಿಗೆ ಹೃದಯಕ್ಕೆ. ಹೊಗೆಯೊಳಗಿನ ಇಂಗಾಲದ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ರಕ್ತನಾಳಗಳ ಒಳಪದರವು ಒರಟಾಗುತ್ತದೆ. ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯು ಹೆಚ್ಚುತ್ತದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ಪ್ರಕಟಿಸಿದ ವಿಮರ್ಶೆಯೊಂದರಲ್ಲಿ, ದಿನಕ್ಕೆ ಇಪ್ಪತ್ತು ಸೇದುವವನಿಗೆ ಹೃದ್ರೋಗದ ಅಪಾಯವು ಎಷ್ಟು ಹೆಚ್ಚುವುದೋ ಅದರ ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವನಿಗೂ ಹೆಚ್ಚುವುದೆಂದು ಕಂಡುಬಂದಿತು. “ದಿನಕ್ಕೆ ಒಂದೇ ಅಲ್ವಾ?” ಎಂದು ಬೇಕರಿಯ ಮುಂದೆ ನಿಂತು ಕೇಳುವವನಿಗೆ ಕೊಡತಕ್ಕ ಉತ್ತರವಿದು. ಇಪ್ಪತ್ತನ್ನು ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತನೆಯ ಒಂದಂಶಕ್ಕೆ ಇಳಿಯುವುದಿಲ್ಲ. ಹೃದಯದ ಮಟ್ಟಿಗೆ ಪೂರ್ಣವಾಗಿ ಬಿಟ್ಟರೇ ಬಿಟ್ಟಂತೆ.

ಆದರೆ ಕರ್ನಾಟಕದ ನಿಜವಾದ ದುಃಖವು ಹೊಗೆಗಿಂತ ಹೆಚ್ಚಾಗಿ ಎಲೆಯಲ್ಲಿದೆ. 2016–17ರ ರಾಷ್ಟ್ರವ್ಯಾಪಿ ವಯಸ್ಕರ ತಂಬಾಕು ಸಮೀಕ್ಷೆಯಂತೆ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು, ಸೇದುವವರು 8.8 ಮಂದಿಯಾದರೆ, ಅಗಿಯುವವರೂ ಬಾಯಲ್ಲಿಟ್ಟುಕೊಳ್ಳುವವರೂ 16.3 ಮಂದಿ. ಕಡ್ಡಿಪುಡಿ, ಹೊಗೆಸೊಪ್ಪು, ಖೈನಿ, ಗುಟ್ಕಾ ಎಂದು ನಾನಾ ಹೆಸರಿನ ಈ ಪದಾರ್ಥಗಳನ್ನು ಕಟ್ಟಡ ಕಟ್ಟುವ ಆಳುಗಳೂ, ಮನೆಗೆಲಸಕ್ಕೆ ಬರುವ ಹೆಂಗಸರೂ, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರೂ ಹಸಿವನ್ನೂ ಹಲ್ಲುನೋವನ್ನೂ ಮರೆಯಲೆಂದು ಕೆನ್ನೆಯೊಳಗಿಟ್ಟುಕೊಳ್ಳುತ್ತಾರೆ. ನಮ್ಮ ಊರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರು ರೋಗಿಗಳ ದಾಖಲೆಯು ನಡೆದುಬಂದಿದೆ; ರಾಷ್ಟ್ರೀಯ ಕ್ಯಾನ್ಸರು ನೋಂದಣಿ ಕಾರ್ಯಕ್ರಮದ ಮೊದಲ ನೋಂದಣಿಗಳ ಪೈಕಿ ಇದೊಂದು. ಆ ದಾಖಲೆಯನ್ನಾಧರಿಸಿ ವೈದ್ಯ ಎ. ನಂದಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಬಾಯಿಯ ಕ್ಯಾನ್ಸರಿನ 348 ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನವು 1990ರಲ್ಲಿ ಪ್ರಕಟವಾಯಿತು. ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ಎಷ್ಟು ವರ್ಷ ಅಗಿದರು, ದಿನಕ್ಕೆಷ್ಟು ಸಲ ಅಗಿದರು, ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡರು ಎಂಬುದರ ಪ್ರಮಾಣದಲ್ಲಿಯೇ ರೋಗದ ಅಪಾಯವು ಏರುವುದನ್ನು ಅವರು ತೋರಿಸಿದರು. ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ರೆಹೋಗುವವರನ್ನೂ ಅವರು ಗಣನೆಗೆ ತಂದಿದ್ದರು. ಅಪಾಯವು ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಅಧಿಕವಾಗಿತ್ತು. ನಮ್ಮದೇ ಊರಿನಲ್ಲಿ, ನಮ್ಮದೇ ಜನರ ಬಾಯಿಯನ್ನು ನೋಡಿ ಮೂವತ್ತು ವರ್ಷಕ್ಕೂ ಹಿಂದೆ ಕಂಡುಕೊಂಡ ಸತ್ಯವಿದು.

ಗುಟ್ಕಾದ ಕಥೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. 2013ರ ಮೇ ತಿಂಗಳಿನ ಕೊನೆಯಲ್ಲಿ ಅದು ಕರ್ನಾಟಕದಲ್ಲಿ ನಿಷಿದ್ಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕಿನ ಪುಡಿ ಮತ್ತೊಂದು ಚೀಟಿಯಲ್ಲಿ ಬೇರೆಬೇರೆಯಾಗಿ ಮಾರಾಟಕ್ಕೆ ಬಂದವು. ಕೊಂಡವರು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರು.

ಇನ್ನು ವೇಪ್. ಪೆನ್‌ಡ್ರೈವಿನಷ್ಟೋ ಬಣ್ಣದ ಬರಹದ ಪೆನ್ನಿನಷ್ಟೋ ಇರುವ, ಮಾವಿನ ಹಣ್ಣಿನದೋ ಪುದೀನದ್ದೋ ವಾಸನೆ ಬೀರುವ ಈ ಉಪಕರಣದಲ್ಲಿ ಬ್ಯಾಟರಿಯು ಒಂದು ತಂತಿಯನ್ನು ಕಾಯಿಸುತ್ತದೆ. ಪ್ರೊಪಿಲೀನ್ ಗ್ಲೈಕಾಲು, ಗ್ಲಿಸರಿನ್ನು, ಸುವಾಸನೆಯ ರಾಸಾಯನಿಕಗಳು ಮತ್ತು ನಿಕೋಟಿನ್ನು ಸೇರಿದ ದ್ರವವು ಆ ಕಾವಿಗೆ ಸೂಕ್ಷ್ಮ ಹನಿಗಳಾಗಿ ಶ್ವಾಸಕೋಶವನ್ನು ಸೇರುತ್ತದೆ. “ಇದರಲ್ಲಿ ಹೊಗೆಯೇ ಇಲ್ಲ ಅಂಕಲ್, ಬರೀ ಆವಿ” ಎನ್ನುತ್ತಾರೆ ಹುಡುಗರು. ಎಲೆ ಸುಡದಿರುವುದರಿಂದ ಸಿಗರೇಟಿನ ಹೊಗೆಯ ಎಷ್ಟೋ ವಿಷಗಳು ಇದರಲ್ಲಿ ಕಡಿಮೆಯಿರುವುದು ನಿಜ. ಅದನ್ನು ಮರೆಮಾಚಿ ವಾದಿಸಿದರೆ ಅವರು ನಮ್ಮ ಉಳಿದ ಮಾತನ್ನೂ ನಂಬಲಾರರು. ಆದರೆ ಹೊಸ ಬಗೆಯ ವೇಪುಗಳಲ್ಲಿ ನಿಕೋಟಿನ್ನನ್ನು ಬೆಂಜೋಯಿಕ್ ಆಮ್ಲದಂತಹವುಗಳೊಡನೆ ಲವಣರೂಪಕ್ಕೆ ತಂದಿರುವುದರಿಂದ ಗಂಟಲಿನ ಉರಿ ತಗ್ಗಿ, ಮೊದಲ ಸಿಗರೇಟು ತರಿಸುತ್ತಿದ್ದ ಕೆಮ್ಮೆಂಬ ಪ್ರಕೃತಿದತ್ತವಾದ ತಡೆಯೇ ಇಲ್ಲವಾಗಿದೆ. ಹೆಚ್ಚು ನಿಕೋಟಿನ್ನು ಹೆಚ್ಚು ಸಲೀಸಾಗಿ ಒಳಕ್ಕೆ ಹೋಗುತ್ತದೆ. ಮಿದುಳಿನ ಬೆಳವಣಿಗೆಯು ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತಿರುವಾಗ, ಹದಿನೇಳರ ಹುಡುಗನಲ್ಲಿ ಬೇರೂರಿದ ನಿಕೋಟಿನ್ನಿನ ದಾಸ್ಯವು ನಲವತ್ತರವನಲ್ಲಿ ಬೇರೂರಿದ್ದಕ್ಕಿಂತ ಆಳವಾದುದು. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇವಿಸಿದವರ ಶ್ವಾಸಕೋಶಗಳು ಹಠಾತ್ತನೆ ಹದಗೆಟ್ಟು, 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ಮೃತರಾದರು; ಬಹುಮಟ್ಟಿಗೆ ಗಾಂಜಾಸಾರದ ಕಳ್ಳ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟು ಅದಕ್ಕೆ ಕಾರಣವೆಂದು ತಿಳಿದುಬಂದಿತು. ನಮ್ಮಲ್ಲಿ ಮಾರಾಟವೇ ಕಳ್ಳಮಾರಾಟವಾಗಿರುವುದರಿಂದ, ಕೊಳವೆಯೊಳಗೆ ಏನಿದೆಯೆಂಬುದನ್ನು ಹೇಳಬಲ್ಲವರು ಯಾರೂ ಇಲ್ಲ.

ಬ್ರಿಟನ್ನಿನಲ್ಲಿ ವೈದ್ಯರೇ ಸಿಗರೇಟನ್ನು ಬಿಡಿಸಲು ವೇಪನ್ನು ಸೂಚಿಸುತ್ತಾರಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ, ಹಳೆಯ ಧೂಮಪಾನಿಗಳಲ್ಲಿ ಕೆಲವರಿಗೆ ಅದರಿಂದ ಸಿಗರೇಟು ಬಿಟ್ಟುಹೋದದ್ದಕ್ಕೆ ಒಳ್ಳೆಯ ಆಧಾರಗಳೂ ಇವೆ. ಆದರೆ ಅಲ್ಲಿ ಅದು ಇಪ್ಪತ್ತು ವರ್ಷ ಸೇದಿದವನ ಕೈಗೆ ಹೋಗುತ್ತದೆ. ಇಲ್ಲಿ, ಒಂದು ಸಿಗರೇಟನ್ನೂ ಮುಟ್ಟದ ಎಂಜಿನಿಯರಿಂಗ್ ವಿದ್ಯಾರ್ಥಿಯ ಹಾಸ್ಟೆಲು ಕೋಣೆಗೆ ಬರುತ್ತದೆ. ಕರ್ನಾಟಕವು 2016ರಲ್ಲಿ, ಕೇಂದ್ರ ಸರಕಾರವು 2019ರ ಸೆಪ್ಟೆಂಬರಿನಲ್ಲಿ ಇದನ್ನು ನಿಷೇಧಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮಾರುವವನಿಗೆ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆಯನ್ನೂ ಒಂದು ಲಕ್ಷದವರೆಗಿನ ದಂಡವನ್ನೂ ಆ ಕಾಯಿದೆಯು ವಿಧಿಸಬಲ್ಲುದು. ಕಾಯಿದೆಯ ಕಟುತ್ವವು ಮಾರುವವನ ಮೇಲಿರಲಿ. ಸಿಕ್ಕಿಬಿದ್ದ ಹುಡುಗನನ್ನು ಕಾಲೇಜಿನಿಂದ ಹೊರಹಾಕಿ ತಂದೆತಾಯಿಗಳನ್ನು ಕರೆಸಿ ಅವಮಾನಿಸಿದರೆ ಅವನು ಬಿಡುವುದಿಲ್ಲ, ಮರೆಯಲ್ಲಿ ಸೇದುತ್ತಾನೆ.

ಬಿಡುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ಸಮಾಜವು ಮನೋಬಲದ ಪರೀಕ್ಷೆಯೆಂದೇ ತಿಳಿದುಬಂದಿದೆ. “ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು” ಎಂದು ಸೇದುವವನೂ ಹೇಳುತ್ತಾನೆ, ಸೇದದವನೂ ಹೇಳುತ್ತಾನೆ. ಬಿಡಲಾರದೆ ಹೋದಾಗ ಇಬ್ಬರೂ ಅದನ್ನು ನೀತಿಯ ದೌರ್ಬಲ್ಯವೆಂದು ಭಾವಿಸುತ್ತಾರೆ. ಸೇದಿದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ನು ಮಿದುಳನ್ನು ಮುಟ್ಟಿ ಡೋಪಮೈನನ್ನು ಹರಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಅಂಶವು ಅರ್ಧಕ್ಕಿಳಿದಾಗ ಮನಸ್ಸು ಚಡಪಡಿಸತೊಡಗುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ನಿದ್ರಾಹೀನತೆ, ಏಕಾಗ್ರತೆಯ ಅಭಾವಗಳು ಶಿಖರಕ್ಕೇರಿ, ಮೂರು ನಾಲ್ಕು ವಾರಗಳಲ್ಲಿ ಕ್ರಮೇಣ ಶಮನವಾಗುತ್ತವೆ. ಇದು ದೇಹದ ವ್ಯಾಪಾರ. ಯಾರ ಸಹಾಯವೂ ಇಲ್ಲದೆ ಒಮ್ಮೆಗೇ ಬಿಡಹೊರಟವರಲ್ಲಿ ವರ್ಷದ ಕೊನೆಗೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ಆಪ್ತಸಲಹೆಯೂ ಔಷಧವೂ ಸೇರಿದರೆ ಆ ಸಂಖ್ಯೆಯು ಎಷ್ಟೋ ಪಾಲು ಹೆಚ್ಚುತ್ತದೆ. ಮಧುಮೇಹಕ್ಕೆ ಮಾತ್ರೆ ನುಂಗುವವನನ್ನು ನಾವು ದುರ್ಬಲನೆನ್ನುವುದಿಲ್ಲ.

ಔಷಧಗಳಲ್ಲಿ ಅತ್ಯಂತ ಸುಲಭವಾದದ್ದು ನಿಕೋಟಿನ್ ಗಮ್ಮು. 2 ಮಿಲಿಗ್ರಾಮಿನದು ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ, ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕಾಗುವವರಿಗೆ 4 ಮಿಲಿಗ್ರಾಮಿನದು ಬೇಕಾಗಬಹುದು. ಆದರೆ ಅದನ್ನು ತಿನ್ನುವ ಕ್ರಮವನ್ನು ಕೊಡುವವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಚೂಯಿಂಗ್ ಗಮ್ಮಿನಂತೆ ಎಡೆಬಿಡದೆ ಅಗಿದರೆ ನಿಕೋಟಿನ್ನು ಉಗುಳಿನೊಡನೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆಯೂ ಓಕರಿಕೆಯೂ ಬರುತ್ತವೆ. ಮೆಲ್ಲಗೆ ಅಗಿದು, ನಾಲಗೆಗೆ ಮೆಣಸಿನಂತೆ ಚುರುಗುಟ್ಟಿದೊಡನೆ ನಿಲ್ಲಿಸಿ, ಒಸಡಿಗೂ ಕೆನ್ನೆಗೂ ನಡುವೆ ಒತ್ತರಿಸಿಡಬೇಕು; ಚುರುಕು ಆರಿದ ಮೇಲೆ ಮತ್ತೆ ಅಗಿಯಬೇಕು; ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ ಕಾಲು ಗಂಟೆ ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ಕಾಫಿಯನ್ನಾಗಲಿ ಹಣ್ಣಿನ ರಸವನ್ನಾಗಲಿ ಕುಡಿಯಬಾರದು. ಅವುಗಳ ಆಮ್ಲಾಂಶವು ಕೆನ್ನೆಯ ಒಳಚರ್ಮವು ನಿಕೋಟಿನ್ನನ್ನು ಹೀರದಂತೆ ಮಾಡುತ್ತದೆ. ಫಿಲ್ಟರ್ ಕಾಫಿಯ ಈ ಊರಿನಲ್ಲಿ, ಬೆಳಗಿನ ಕಾಫಿಯ ಬೆನ್ನಿಗೇ ಗಮ್ಮನ್ನು ಬಾಯಿಗೆ ಹಾಕಿಕೊಂಡು “ಇದರಿಂದ ಏನೂ ಉಪಯೋಗವಿಲ್ಲ” ಎಂದು ಎಸೆದವರು ಎಷ್ಟು ಮಂದಿಯೋ. ಚರ್ಮಕ್ಕೆ ಅಂಟಿಸುವ ಪಟ್ಟಿಯೂ, ವೈದ್ಯರ ಸಲಹೆಯ ಮೇಲೆ ಮಾತ್ರ ಸೇವಿಸತಕ್ಕ ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಗುಳಿಗೆಗಳೂ ಇವೆ. ಬಯಕೆಯ ಅಲೆಯೊಂದು ಸಾಮಾನ್ಯವಾಗಿ ಕೆಲವೇ ನಿಮಿಷ ನಿಲ್ಲುತ್ತದೆ. ಅಷ್ಟು ಹೊತ್ತನ್ನು ಒಂದು ಲೋಟ ನೀರು, ನಾಲ್ಕು ದೀರ್ಘಶ್ವಾಸ, ಬೀದಿಯ ಕೊನೆಯವರೆಗಿನ ಒಂದು ನಡಿಗೆಯಿಂದ ದಾಟಬಹುದು. ಮನೆಯವರು ಬಿಟ್ಟವನ ಆ ಮೊದಲ ಮೂರು ನಾಲ್ಕು ವಾರ ಅವನ ಸಿಡುಕನ್ನು ರೋಗಲಕ್ಷಣವೆಂದು ತಿಳಿದು ಸಹಿಸಿಕೊಂಡರೆ ಅರ್ಧ ಚಿಕಿತ್ಸೆ ಆದಂತೆ. ಒಮ್ಮೆ ಜಾರಿದವನು ಮತ್ತೆ ಯತ್ನಿಸಲಿ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಜಾರಿಯೇ ಬಿಟ್ಟವರು.

ಪೊಟ್ಟಣದ ಮೇಲಿನ ಆ ಸಂಖ್ಯೆಯ ಮಾತಿಗೆ ಹಿಂದಿರುಗುತ್ತೇನೆ. ರಾಷ್ಟ್ರೀಯ ತಂಬಾಕು ತ್ಯಾಗ ಸಹಾಯವಾಣಿಯು 2016ರಲ್ಲಿ ದೆಹಲಿಯಲ್ಲಿ ಆರಂಭವಾಗಿ, 2018ರಲ್ಲಿ ನಮ್ಮ ಊರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ಗೂ ವಿಸ್ತರಿಸಿತು; ದಕ್ಷಿಣದ ಭಾಷೆಗಳ ಕರೆಗಳನ್ನು, ಕನ್ನಡದವನ್ನೂ ಸೇರಿಸಿ, ಅಲ್ಲಿನ ಆಪ್ತಸಲಹೆಗಾರರು ಸ್ವೀಕರಿಸುತ್ತಾರೆ. ಎಷ್ಟು ಸೇದುತ್ತೀರಿ, ಯಾವ ಹೊತ್ತಿನಲ್ಲಿ, ಯಾರೊಡನೆ ಎಂದು ಕೇಳಿ, ಬಿಡುವ ದಿನವೊಂದನ್ನು ಕರೆಮಾಡಿದವರಿಂದಲೇ ಗೊತ್ತುಮಾಡಿಸಿ, ಮುಂದಿನ ದಿನಗಳಲ್ಲಿ ತಾವೇ ಕರೆಮಾಡಿ ವಿಚಾರಿಸುತ್ತಾರೆ. ಅಗಿಯುವವರಿಗೂ ಈ ನೆರವುಂಟು. ಬಿಡಿ ಮಾರಾಟವು ನಿಲ್ಲುವ ತನಕ ಮತ್ತಿಕೆರೆಯ ಪ್ರತಿಯೊಂದು ಔಷಧದಂಗಡಿಯ ಮೇಜಿನ ಮೇಲೂ, ಕಾಲೇಜಿನ ಕ್ಯಾಂಟೀನಿನಲ್ಲೂ, ವೈದ್ಯರ ಕ್ಲಿನಿಕ್ಕುಗಳ ಗೋಡೆಯಲ್ಲೂ 1800 11 2356 ಎಂಬ ಅಂಕೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆಸಿ ಹಚ್ಚಲಿ. ಗಮ್ಮನ್ನು ಮಾರುವ ಔಷಧದಂಗಡಿಯವರು ಅದನ್ನು ತಿನ್ನುವ ಕ್ರಮವನ್ನು ಎರಡು ವಾಕ್ಯಗಳಲ್ಲಿ ಹೇಳಿಕೊಡಲಿ. ಇದಕ್ಕೆ ಸರಕಾರದ ಆಜ್ಞೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದಾದ ಕೆಲಸ.

ನಲವತ್ತು ದಾಟಿದವರು ಇನ್ನೇನು ಪ್ರಯೋಜನವೆಂದು ಕೈಚೆಲ್ಲುವುದುಂಟು. 1951ರಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯವಿಜ್ಞಾನಿಯು ಬ್ರಿಟನ್ನಿನ ವೈದ್ಯರ ಧೂಮಪಾನವನ್ನು ಕುರಿತು ಪ್ರಾರಂಭಿಸಿದ ಅಧ್ಯಯನವು ಐವತ್ತು ವರ್ಷ ನಡೆದು, ಅದರ ಫಲವು 2004ರಲ್ಲಿ ಪ್ರಕಟವಾಯಿತು: ಸೇದುತ್ತಲೇ ಉಳಿದವರಿಗೆ ಹೋಲಿಸಿದರೆ ಮೂವತ್ತರಲ್ಲಿ ಬಿಟ್ಟವರು ಸುಮಾರು 10 ವರ್ಷಗಳ ಆಯುಷ್ಯವನ್ನೂ, ನಲವತ್ತರಲ್ಲಿ ಬಿಟ್ಟವರು 9, ಐವತ್ತರಲ್ಲಿ 6, ಅರವತ್ತರಲ್ಲಿ ಬಿಟ್ಟವರು ಕೂಡ 3 ವರ್ಷಗಳ ಆಯುಷ್ಯವನ್ನೂ ಮರಳಿ ಪಡೆದರು. ಹೃದಯಾಘಾತದ ಹೆಚ್ಚುವರಿ ಅಪಾಯವಂತೂ ಬಿಟ್ಟ ಒಂದು ವರ್ಷದಲ್ಲಿಯೇ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕಡೆಯದಾಗಿ, ಸಹಾಯವಾಣಿಗೆ ಎಂದೂ ಕರೆಮಾಡದ, ಗಮ್ಮಿನ ಹೆಸರನ್ನೂ ಕೇಳದ, ಸೆರಗಿನ ಗಂಟಿನಲ್ಲಿ ಕಡ್ಡಿಪುಡಿಯನ್ನು ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಮನೆಗಳ ಕೆಲಸ ಮಾಡುವ ಹೆಂಗಸಿನ ವಿಷಯ. ಅವಳನ್ನು ಯಾವ ವೈದ್ಯನೂ ಕೇಳಿಲ್ಲ; ಜ್ವರಕ್ಕೆ ಬಂದಾಗ ಜ್ವರದ ಮಾತ್ರೆ ಕೊಟ್ಟು ಕಳುಹಿಸಿದ್ದಾನೆ. ಬಾಯೊಳಗಿನ ಮಾಯದ ಹುಣ್ಣು, ಕೆನ್ನೆಯಲ್ಲಿ ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲಾಗದಷ್ಟು ಕುಗ್ಗಿದ ಬಾಯಿ ಇವುಗಳನ್ನು ಕಾಣುವುದಕ್ಕೆ ಒಂದು ಟಾರ್ಚು, ಎರಡು ನಿಮಿಷ ಸಾಕು. ಈ ಹಂತದಲ್ಲಿ ಕಂಡರೆ ಬಹುಮಟ್ಟಿಗೆ ಕ್ಯಾನ್ಸರನ್ನು ತಡೆಯಲೂಬಹುದು, ಗುಣಪಡಿಸಲೂಬಹುದು. ಮತ್ತಿಕೆರೆಯ ಮಗ್ಗುಲಲ್ಲಿಯೇ ಎಂ.ಎಸ್. ರಾಮಯ್ಯನವರ ಹೆಸರಿನ ವೈದ್ಯಕೀಯ ಮತ್ತು ದಂತವೈದ್ಯಕೀಯ ಕಾಲೇಜುಗಳಿವೆ; ಅಲ್ಲಿ ಕಲಿಯುವ ನೂರಾರು ತರುಣ ವೈದ್ಯರಿದ್ದಾರೆ. ಅವರು ತಿಂಗಳಿಗೊಂದು ಸಂಜೆ ಸುತ್ತಲಿನ ಬೀದಿಗಳಿಗೆ ಟಾರ್ಚು ಹಿಡಿದು ಬಂದು, ಮನೆಯೊಡತಿಯರನ್ನೂ ಮನೆಗೆಲಸದವರನ್ನೂ ಭೇದವಿಲ್ಲದೆ ಒಂದೇ ಜಗುಲಿಯ ಮೇಲೆ ಕೂರಿಸಿ ಬಾಯಿಯನ್ನು ನೋಡುವ ಪದ್ಧತಿಯೊಂದನ್ನು ಈ ವರ್ಷವೇ ಆರಂಭಿಸಲೆಂದು ಅವರನ್ನೂ ಅವರ ಅಧ್ಯಾಪಕರನ್ನೂ ಕೇಳಿಕೊಳ್ಳುತ್ತೇನೆ.